ಆ 37 ರೂಪಾಯಿ ಎಲ್ಲಿ?

ನಮಸ್ಕಾರ.

ನಿಮ್ಮ 'ಕೊನೆಯ ಅಂಗಡಿ' ಕಥೆಯನ್ನು ಎರಡು ಸಲ ಓದಿದೆ. ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಅಲ್ವಾ? ಆದರೆ ಸುಮ್ನೆ ಎರಡು ಸಾಲು ಬರೆದು ವಾಪಸು ಕಳಿಸಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಕಥೆ ಅಲ್ಲ, ಕಥೆಯ ಜೊತೆ ನೀವು ಬರೆದ ಚೀಟಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಥೆ ಇಷ್ಟು. ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಒಬ್ಬರ ಜೀನಸಿನ ಅಂಗಡಿ. ಹೆದ್ದಾರಿ ಬದಿಗೆ ದೊಡ್ಡ ಮಾರ್ಟ್ ಬರುತ್ತದೆ, ಎಲ್ಲದಕ್ಕೂ ಡಿಸ್ಕೌಂಟ್. ಗಿರಾಕಿಗಳೆಲ್ಲ ಆ ಕಡೆ ಹೋಗುತ್ತಾರೆ. ಅಂಗಡಿಯವರು ಕಡದ ಪುಸ್ತಕವನ್ನು ಸುಟ್ಟು, ಶಟರ್ ಎಳೆದು, ಮಳೆಯಲ್ಲಿ ನಡೆದು ಹೋಗುತ್ತಾರೆ. ನಡುವೆ ಮೂರು ಪುಟ ಅಮೆರಿಕ, ಅಲ್ಲಿಯ ವಾಲ್‌ಮಾರ್ಟಿನ ವಿಷಯ.

ಕಡದ ಪುಸ್ತಕವನ್ನು ಯಾವ ಅಂಗಡಿಯವರು ಸುಡುತ್ತಾರೆ ಹೇಳಿ? ನಾನು ಕಂಡವರು ಬಾಗಿಲು ಹಾಕಿ ವರ್ಷವಾದರೂ ಅದನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆ ಅಲೆದವರು. ಅವರ ಬಂಡವಾಳ ಇರುವುದೇ ಅದರಲ್ಲಿ. ಬೀಡಿ ಕಟ್ಟುವವರು ವಾರದ ಮಜೂರಿ ಸಿಕ್ಕಿದಾಗ ಕೊಡುತ್ತಾರೆ. ತೋಟದವರು ಅಡಿಕೆ ಮಾರಿದ ಮೇಲೆ. ಗಲ್ಫಿನಿಂದ ದುಡ್ಡು ಬರುವ ಮನೆಯವರು ತಿಂಗಳಿಗೊಮ್ಮೆ. ಈ ಲೆಕ್ಕ ತಲೆಯಲ್ಲಿ ಇದ್ದವರಷ್ಟೇ ನಮ್ಮ ಕಡೆ ಅಂಗಡಿ ನಡೆಸಿದರು. ಮಾರ್ಟ್ ಬಂದ ಮೇಲೆ ಏನಾಗುತ್ತದೆ? ಕೈಯಲ್ಲಿ ದುಡ್ಡಿರುವ ದಿನ ಜನ ಮಾರ್ಟಿಗೆ ಹೋಗುತ್ತಾರೆ, ಇಲ್ಲದ ದಿನ ಅಂಗಡಿಗೆ ಬರುತ್ತಾರೆ. ನಗದು ಅಲ್ಲಿ, ಕಡ ಇಲ್ಲಿ. ಅಂಗಡಿಯಲ್ಲಿ ಜನ ಇರುತ್ತಾರೆ, ಗಲ್ಲಾಪೆಟ್ಟಿಗೆಯಲ್ಲಿ ಕಾಸು ಇರುವುದಿಲ್ಲ. ನಿಮ್ಮ ಕಥೆಯಲ್ಲಿ ಅಂಗಡಿ ಮೊದಲ ದಿನದಿಂದಲೇ ಖಾಲಿ. ಅಷ್ಟು ಸಲೀಸಾಗಿ ಯಾವ ಅಂಗಡಿಯೂ ಮುಚ್ಚುವುದಿಲ್ಲ.

ಡಿಸ್ಕೌಂಟ್ ಎಂಬುದು ಹೊರಗಿನಿಂದ ಬಂದ ಪಿಡುಗು ಎಂದೂ ಬರೆದಿದ್ದೀರಿ. ಕೇರಳದಲ್ಲಿ ಕಡಿಮೆ ದರಕ್ಕೆ ದಿನಸಿ ಕೊಡುವ ಸರ್ಕಾರದ್ದೇ ಸಪ್ಲೈಕೋ ಶುರುವಾದದ್ದು 1974ರಲ್ಲಿ. ಅದರ ಮಾವೇಲಿ ಸ್ಟೋರಿನ 13 ಬಗೆಯ ಸಬ್ಸಿಡಿ ಸಾಮಾನಿಗೆ ಓಣಂ ಮೊದಲು ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ಅದರಿಂದ ಪೇಟೆ ಮುಚ್ಚಲಿಲ್ಲ. ಅಲ್ಲಿ ರೇಷನ್ ಕಾರ್ಡಿಗೆ ಇಷ್ಟೇ ಎಂದು ಲೆಕ್ಕ, ಉಳಿದದ್ದಕ್ಕೆ ಜನ ಮಾಮೂಲಿ ಅಂಗಡಿಗೇ ಬರುತ್ತಿದ್ದರು. ಮಾರ್ಟ್ ಸಕ್ಕರೆಯನ್ನು ಕಡಿಮೆಗೆ ಕೊಡುವುದೇ ಬೇರೆ ಉದ್ದೇಶಕ್ಕೆ. ಸಕ್ಕರೆಗೆಂದು ಬಂದವರು ಬಕೆಟ್, ಬೆಡ್‌ಶೀಟು, ಬಿಸ್ಕಿಟು ಎಲ್ಲ ಅಲ್ಲೇ ಕೊಳ್ಳಲಿ ಎಂದು. ಇದು ಗೊತ್ತಾದರೆ ಕಥೆಯ ದಾರಿಯೇ ಬದಲಾಗುತ್ತದೆ.

ಇನ್ನೊಂದು. ನಿಮ್ಮ ಅಂಗಡಿಯವರು ಒಂದು ಸಲವಾದರೂ ಗುಟ್ಟಾಗಿ ಅದೇ ಮಾರ್ಟಿಗೆ ಹೋಗಿ, ಆಫರಿನಲ್ಲಿ ಎಣ್ಣೆ, ಸೋಪು ತಂದು ತಮ್ಮ ಅಂಗಡಿಯಲ್ಲಿ ಮಾರಬೇಕಿತ್ತು. ಹಾಗೆ ಮಾಡುವವರಿದ್ದಾರೆ. ಏಜೆನ್ಸಿಯವರು ಕೊಡುವ ದರಕ್ಕಿಂತ ಮಾರ್ಟಿನ ದರವೇ ಎಷ್ಟೋ ಸಲ ಕಡಿಮೆ. ದೊಡ್ಡವರಿಗೊಂದು ದರ, ನಮಗೊಂದು ದರ ಯಾಕೆ ಎಂದು ಕೇಳಿ ಮಹಾರಾಷ್ಟ್ರದ ವಿತರಕರು 2022ರ ಜನವರಿಯಲ್ಲಿ ಒಂದು ಟೂತ್‌ಪೇಸ್ಟ್ ಕಂಪನಿಯ ಕೆಲವು ಮಾಲು ಮಾರುವುದನ್ನೇ ನಿಲ್ಲಿಸಿದ್ದರು. ಮುಖ ಮುಚ್ಚಿಕೊಂಡು ಎದುರಾಳಿಯ ಟ್ರಾಲಿ ತಳ್ಳುತ್ತಿರುವ ಅಂಗಡಿಯವರನ್ನು ತೋರಿಸಿ. ನಿಮ್ಮ ಮಳೆ ಬೇಡವೇ ಬೇಡ.

ಅಮೆರಿಕದ ಮೂರು ಪುಟ ಪೂರ್ತಿ ತೆಗೆಯಿರಿ. ಅದರಲ್ಲಿ ತಪ್ಪೂ ಇದೆ. 'ವಾಲ್‌ಮಾರ್ಟ್ ನಮ್ಮೂರಿಗೂ ಬಂತು' ಎಂದು ನಿಮ್ಮ ಪಾತ್ರ ಹೇಳುತ್ತದೆ. ವಾಲ್‌ಮಾರ್ಟ್ ಭಾರತದಲ್ಲಿ 2009ರಲ್ಲಿ ಅಮೃತಸರದಲ್ಲಿ ತೆರೆದದ್ದು ಸಗಟು ಮಳಿಗೆ. ವ್ಯಾಪಾರಿಗಳಿಗೆ ಮಾತ್ರ. 2018ರಲ್ಲಿ ಫ್ಲಿಪ್‌ಕಾರ್ಟನ್ನು ಕೊಂಡಿತು, ಅದು ಮೊಬೈಲಿನೊಳಗಿನ ಅಂಗಡಿ. ಕುಂಬಳೆಯ ಹೆದ್ದಾರಿ ಬದಿಗೆ ಬಂದದ್ದು ಅದಲ್ಲ. ಇನ್ನು ಅಮೆರಿಕದ ವಾಲ್‌ಮಾರ್ಟಿನ ಸಂಬಳದ ಅಂಕಿಗಳನ್ನು ಪೇರಿಸಿದ್ದೀರಿ, ಆದರೆ ಅಂಕಿಗಿಂತ ದೊಡ್ಡದನ್ನು ಬಿಟ್ಟಿದ್ದೀರಿ. ಅಲ್ಲಿಯ ಉತ್ತರ ಕೆರೊಲಿನಾ ರಾಜ್ಯದಲ್ಲಿ ಓರಿಯಂಟಲ್ ಎಂಬ ಪುಟ್ಟ ಊರಿದೆ. 2014ರಲ್ಲಿ ಅಲ್ಲಿ ವಾಲ್‌ಮಾರ್ಟಿನ ಸಣ್ಣ ಮಳಿಗೆ ಬಂತು. ಮರುವರ್ಷ ಊರಿನ ಹಳೆಯ ದಿನಸಿ ಅಂಗಡಿ ಮುಚ್ಚಿತು. 2016ರಲ್ಲಿ ವಾಲ್‌ಮಾರ್ಟೂ ಗಂಟುಮೂಟೆ ಕಟ್ಟಿತು. ಆಗ ಊರಿಗೆ ಎರಡೂ ಇಲ್ಲದಂತಾಯಿತು. ಓಹಿಯೋದ ಕ್ಯಾಂಟನ್ನಿನ ವಾಲ್‌ಮಾರ್ಟ್ ಮಳಿಗೆಯಲ್ಲಿ 2013ರ ಹಬ್ಬದ ಹೊತ್ತಿಗೆ ಸಿಬ್ಬಂದಿಯ ಕೋಣೆಯಲ್ಲಿ ಡಬ್ಬ ಇಟ್ಟಿದ್ದರು. ಕಷ್ಟದಲ್ಲಿರುವ ಸಹೋದ್ಯೋಗಿಗಳ ಹಬ್ಬದ ಊಟಕ್ಕೆ ಆಹಾರ ದಾನ ಮಾಡಿ ಎಂದು! ಇವು ನೀವು ಓದಿಕೊಳ್ಳಲಿಕ್ಕೆ. ಕಥೆಗೆ ತುರುಕಲಿಕ್ಕಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಸರಗೋಡಿನವರು ನಾವು, ಏಳು ಭಾಷೆಯ ಊರು ಎಂದು ಭಾಷಣ ಮಾಡುತ್ತೇವೆ. ನಿಮ್ಮ ಅಂಗಡಿಯಲ್ಲಿ ಮೀನು ಮಾರುವ ಹೆಂಗಸು ಕೂಡ 'ಬಂಡವಾಳಶಾಹಿಯ ಕಪಿಮುಷ್ಟಿ' ಎನ್ನುತ್ತಾಳೆ. ಆಕೆ ತುಳುವಿನಲ್ಲಿ ಚಾಹುಡಿ ಕೇಳಲಿ, ಅಂಗಡಿಯವರು ಮಲಯಾಳದಲ್ಲಿ ದರ ಹೇಳಲಿ, ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ. ಓದುಗರಿಗೆ ಅರ್ಥವಾಗುತ್ತದೆ.

ಈಗ ಆ ಚೀಟಿ. 'ನಾನು ಎಂಟು ತಿಂಗಳು ಇಂಥದೇ ಮಾರ್ಟಿನ ಬಿಲ್ಲಿಂಗಿನಲ್ಲಿದ್ದೆ. ಕಾಲು ಊದಿ ಕೆಲಸ ಬಿಟ್ಟೆ. ಒಂದು ದಿನ ಕ್ಯಾಶ್ 37 ರೂಪಾಯಿ ಶಾರ್ಟ್ ಬಂದದ್ದಕ್ಕೆ ಸಂಬಳದಲ್ಲಿ ಹಿಡಿದುಕೊಂಡರು' ಎಂದು ಬರೆದಿದ್ದೀರಿ. ಇದನ್ನು ಪರಿಚಯಕ್ಕೆಂದು ಬರೆದು, ಕಥೆಯಲ್ಲಿ ಮಾರ್ಟಿನ ಹುಡುಗಿಯರನ್ನು 'ಬಣ್ಣದ ಗೊಂಬೆಗಳು' ಎಂದು ಕರೆದಿದ್ದೀರಲ್ಲ! ನಿಮ್ಮನ್ನು ನೀವೇ ಗೊಂಬೆ ಮಾಡಿಬಿಟ್ಟಿರಿ. ಅದು ನನಗೆ ಸಿಟ್ಟು ತರಿಸಿತು.

ಅಂಗಡಿ ಕೆಲಸದ ಹೆಂಗಸರಿಗೆ ಕೂರಲು ಬಿಡಿ, ಮೂತ್ರಕ್ಕೆ ಹೋಗಲು ಬಿಡಿ ಎಂದು ಕೇರಳದಲ್ಲಿ ವರ್ಷಗಟ್ಟಲೆ ಹೋರಾಟ ನಡೆಯಿತು. ಕೋಯಿಕ್ಕೋಡಿನ ಮಿಠಾಯಿತೆರುವಿನಲ್ಲಿ ಟೈಲರ್ ಆಗಿದ್ದ ವಿಜಿ 'ಪೆಣ್‌ಕೂಟ್ಟ್' ಎಂಬ ಹೆಂಗಸರ ಸಂಘಟನೆ ಕಟ್ಟಿದರು. 2018ರಲ್ಲಿ ಸರ್ಕಾರ ಕಾನೂನನ್ನೇ ತಿದ್ದಿತು, ಕೂರಲು ಸೀಟು ಕೊಡಬೇಕೆಂದು. ನೀವು ಕೆಲಸ ಮಾಡಿದ ಕಡೆ ಸ್ಟೂಲ್ ಇತ್ತೇ? ಇದ್ದರೆ ಅದರ ಮೇಲೆ ಯಾರು ಕೂರುತ್ತಿದ್ದರು, ಏನು ಇಡುತ್ತಿದ್ದರು? ಇದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ.

ಹಾಗೆಂದು ಅಂಗಡಿಯವರನ್ನು ದೇವರು ಮಾಡಬೇಡಿ. ಅವರ ಅಂಗಡಿಯಲ್ಲಿ ಮೂಟೆ ಹೊರುವ ಹುಡುಗ ಒಬ್ಬನಿದ್ದಾನೆ, ಇಡೀ ಕಥೆಯಲ್ಲಿ ಅವನಿಗೆ ಒಂದು ಮಾತಿಲ್ಲ. ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ, ಸಿಗಲು ಹತ್ತು ಜನ ಕೆಲಸಗಾರರಿರಬೇಕು, ಪಿಎಫ್‌ಗೆ ಇಪ್ಪತ್ತು. ಅವನಿಗೆ ಎರಡೂ ಇಲ್ಲ. ಮಾರ್ಟ್ ಬಂದಾಗ ಅವನು ಅಲ್ಲಿಗೆ ಅರ್ಜಿ ಹಾಕಿದರೆ ತಪ್ಪೇ? ನಿಮ್ಮ ಪಕ್ಕದ ಕೌಂಟರಿನಲ್ಲೇ ಅವನು ನಿಂತಿರಬಹುದಲ್ಲ. ಹಳೆಯ ಯಜಮಾನರು ಎಣ್ಣೆ ಪ್ಯಾಕೆಟ್ ಹಿಡಿದು ಅವನ ಸಾಲಿಗೇ ಬಂದರೆ?

ಎರಡು ಸಾವಿರ ಪದಕ್ಕಿಂತ ಜಾಸ್ತಿ ಬೇಡ. ಅಂಗಡಿಯಿಂದ ಶುರು ಮಾಡಬೇಡಿ, ಕೌಂಟರಿನಿಂದ ಮಾಡಿ. ರಾತ್ರಿ ಕ್ಯಾಶ್ ಎಣಿಸುವ ಹೊತ್ತಿನಿಂದ ಆದರೆ ಇನ್ನೂ ಒಳ್ಳೆಯದು. ಬರೆದು ನನಗೇ ಕಳಿಸಿ, ಬೇರೆ ಕಡೆಗಲ್ಲ. ಅಷ್ಟು ಸ್ವಾರ್ಥ ನನಗೂ ಇದೆ.

ಅಂದ ಹಾಗೆ, ಆ 37 ರೂಪಾಯಿ ಎಲ್ಲಿ ಹೋಗಿತ್ತು ಎಂದು ಕೊನೆಗೂ ಗೊತ್ತಾಯಿತೇ?