ಹಳೇ .32 ಪಿಸ್ತೂಲಿನ ಸ್ಲೈಡ್ ಕೂರುತ್ತಿಲ್ಲ, ತಗೊಳ್ಳಬಹುದಾ?
ಚಿಕ್ಕಮಗಳೂರಿನ ಅಂಗಡಿಯಲ್ಲಿ ನೋಡಿದ ಹಳೇ .32 ಬೋರ್ ಪಿಸ್ತೂಲಿನ ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆದು ಬಿಟ್ಟಾಗ ಪೂರ್ತಿ ಮುಂದೆ ಬರುತ್ತಿಲ್ಲ ಅಂದಿರಿ. ಬಹುಶಃ ಅದನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತಿದೆ. ಒಣಗಿದ ಎಣ್ಣೆಯ ಜಿಡ್ಡೂ ಇರಬಹುದು, ಕೈಯಲ್ಲಿ ಹಿಡಿಯದೆ ಖಚಿತವಾಗಿ ಹೇಳುವುದು ಕಷ್ಟ.

ಮೊದಲು ಡೀಲರ್ ಕೈಯಲ್ಲೇ ಮ್ಯಾಗಜೀನ್ ತೆಗೆಸಿ, ಸ್ಲೈಡ್ ಎಳೆಸಿ, ಚೇಂಬರ್ (ಬ್ಯಾರೆಲ್‌ನಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ನೋಡಿ. ಆಮೇಲೆ ಬಿಚ್ಚಿಸಿ ಒರೆಸಲು ಹೇಳಿ. ಆಗಲೂ ಸರಿಯಾಗದಿದ್ದರೆ ಹೊಸ ಸ್ಪ್ರಿಂಗ್ ಹಾಕಿಕೊಡಿ ಅನ್ನಿ. ಬ್ಯಾರೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕಿನ ಗುಳಿ ಇದ್ದರೆ ಬೇಡವೇ ಬೇಡ, ಎಷ್ಟೇ ಕಡಿಮೆಗೆ ಕೊಟ್ಟರೂ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಕವರಿನಲ್ಲೇ ಬಿಟ್ಟ ಪಿಸ್ತೂಲಿಗೆ ಇದು ಮಾಮೂಲು.

ಇದರ ಬದಲು 9 ಎಂಎಂ ಪಿಸ್ತೂಲು ತಗೊಳ್ಳೋಣ ಅನ್ನೋ ಆಸೆ ಇದ್ದರೆ ಬಿಡಿ, ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸ್‌ಗೆ ಸಿಗದ ಅಳತೆ. ಲೈಸೆನ್ಸ್‌ನಲ್ಲಿ ಬರೀ ತೋಟದ ಬಂದೂಕು ಮಾತ್ರ ಇದ್ದರೆ, ಮುಂಗಡ ಕೊಡುವ ಮೊದಲೇ ಡಿಸಿ ಕಚೇರಿಗೆ ಹೋಗಿ ಪಿಸ್ತೂಲು ಸೇರಿಸಿಕೊಳ್ಳಿ.