ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಪಠ್ಯಪುಸ್ತಕವು ‘ಸ್ಯಾಲಿ–ಆ್ಯನ್ ಪರೀಕ್ಷೆ’ಗೆ ಅರ್ಧ ಪುಟ ಕೊಟ್ಟು, ಉಟಾ ಫ್ರಿತ್ ಎಂಬ ಹೆಸರನ್ನು ಒಮ್ಮೆ ಹೇಳಿ ಮುಂದೆ ಹೋಗಿಬಿಡುತ್ತದೆ. ಎರಡು ಗೊಂಬೆಗಳ ಆಟದಿಂದ ಆಟಿಸಂ ಬಗ್ಗೆ ಅಷ್ಟು ದೊಡ್ಡ ಮಾತನ್ನು ಹೇಳಲು ಹೇಗೆ ಸಾಧ್ಯವಾಯಿತು? ಫ್ರಿತ್ ಈ ವಿಷಯಕ್ಕೆ ಬಂದದ್ದಾದರೂ ಹೇಗೆ?
– ಮನಶ್ಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಉಟಾ ಫ್ರಿತ್ ಹುಟ್ಟಿದ್ದು 1941ರಲ್ಲಿ, ಜರ್ಮನಿಯ ರಾಕೆನ್‌ಹೌಸೆನ್ ಎಂಬ ಸಣ್ಣ ಪಟ್ಟಣದಲ್ಲಿ. ಸಾರ್‌ಬ್ರೂಕೆನ್ ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಓದಲು ಹೊರಟವರು ಅಲ್ಲಿಂದ ಪ್ರಾಯೋಗಿಕ ಮನಶ್ಶಾಸ್ತ್ರದ ಕಡೆಗೆ ತಿರುಗಿದರು. ಅನಂತರ ಲಂಡನ್ನಿಗೆ ಬಂದು, ಮಾಡ್ಸ್ಲಿ ಆಸ್ಪತ್ರೆಗೆ ಹೊಂದಿಕೊಂಡ ಮನೋವೈದ್ಯಕೀಯ ಸಂಸ್ಥೆಯಲ್ಲಿ ತರಬೇತಿ ಪಡೆದು, 1968ರಲ್ಲಿ ಆಟಿಸಂ ಕುರಿತ ಪ್ರಬಂಧಕ್ಕೆ ಪಿಎಚ್.ಡಿ. ಪಡೆದರು.

ಆ ಕಾಲದ ವಾತಾವರಣವನ್ನು ನೆನಪಿಟ್ಟುಕೊಳ್ಳದಿದ್ದರೆ ಅವರ ಕೆಲಸದ ಬೆಲೆ ತಿಳಿಯುವುದಿಲ್ಲ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವರ್ಣಿಸಿ ಈ ಸ್ಥಿತಿಗೆ ಹೆಸರು ಕೊಟ್ಟ ಮೇಲೆ ಎರಡು ದಶಕಗಳು ಕಳೆದಿದ್ದವು. ಆದರೂ ತಾಯಿಯ ಪ್ರೀತಿ ತಣ್ಣಗಾದುದರಿಂದ ಮಗು ಹೀಗಾಯಿತೆಂಬ ವಾದ, ಚಿಕಾಗೊದ ಬ್ರೂನೊ ಬೆಟಲ್‌ಹೈಮ್ ಅಂಥವರ ಬಾಯಲ್ಲಿ, ಇನ್ನೂ ಗಟ್ಟಿಯಾಗಿಯೇ ಕೇಳಿಸುತ್ತಿತ್ತು. ಫ್ರಿತ್ ಅವರ ಮಾರ್ಗದರ್ಶಕರಾದ ಬಿಯಾಟೆ ಹರ್ಮಲಿನ್ ಮತ್ತು ನೀಲ್ ಓಕಾನರ್ ಆ ಜಗಳಕ್ಕೆ ಇಳಿಯದೆ, ಮಗುವಿನ ಮನಸ್ಸು ಮಾಹಿತಿಯನ್ನು ಹೇಗೆ ಹಿಡಿಯುತ್ತದೆ, ಹೇಗೆ ಜೋಡಿಸುತ್ತದೆ ಎಂದು ಸಣ್ಣ ಸಣ್ಣ ಪ್ರಯೋಗಗಳಲ್ಲಿ ಅಳೆಯುತ್ತಿದ್ದರು. ಸಾಮಾನ್ಯವಾಗಿ ನಮಗೆ ಅರ್ಥವುಳ್ಳ ವಾಕ್ಯ ಸುಲಭವಾಗಿ ನೆನಪಿರುತ್ತದೆ, ಚದುರಿದ ಪದಗಳ ಸಾಲು ಮರೆತುಹೋಗುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಈ ಎರಡರ ನಡುವಿನ ಅಂತರ ಕಡಿಮೆ ಎಂಬುದನ್ನು ಅವರು ಗಮನಿಸಿದ್ದರು. ಫ್ರಿತ್ ಕಲಿತದ್ದು ಈ ಗರಡಿಯಲ್ಲಿ.

ಈಗ ಗೊಂಬೆಗಳ ವಿಷಯ. ಸ್ಯಾಲಿಯ ಹತ್ತಿರ ಬುಟ್ಟಿ ಇದೆ, ಆ್ಯನ್ ಹತ್ತಿರ ಪೆಟ್ಟಿಗೆ ಇದೆ. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳಿಲ್ಲದ ಹೊತ್ತಿನಲ್ಲಿ ಆ್ಯನ್ ಅದನ್ನು ತೆಗೆದು ತನ್ನ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ಮರಳಿ ಬಂದ ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಗೋಲಿ ನಿಜವಾಗಿ ಎಲ್ಲಿದೆ ಎಂಬುದನ್ನು ಬದಿಗಿಟ್ಟು, ಸ್ಯಾಲಿ ಏನೆಂದುಕೊಂಡಿದ್ದಾಳೆ ಎಂಬುದನ್ನು ಹಿಡಿದರೆ ಮಾತ್ರ ಉತ್ತರ ಸರಿಯಾಗುತ್ತದೆ. ನಮ್ಮ ಆಡುಮಾತಿನಲ್ಲಿ ‘ನೀವು ಊರಿಗೆ ಹೋಗಿದ್ದೀರಿ ಅಂದುಕೊಂಡಿದ್ದೆ’ ಎಂದರೆ, ನನ್ನ ಎಣಿಕೆ ತಪ್ಪಾಗಿತ್ತು ಎಂಬುದೂ ಅದರೊಳಗೇ ಬಂದುಬಿಡುತ್ತದೆಯಲ್ಲವೇ? ಸಂಶೋಧಕರು ‘ತಪ್ಪು ನಂಬಿಕೆ’ ಎಂದು ಕರೆಯುವುದು ಇದನ್ನೇ. ಈ ಬಗೆಯ ಪರೀಕ್ಷೆಯನ್ನು ಮೊದಲು ರೂಪಿಸಿದವರು ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್, 1983ರಲ್ಲಿ. ಅದನ್ನು ಸರಳಗೊಳಿಸಿ ಆಟಿಸಂ ಇರುವ ಮಕ್ಕಳ ಮುಂದಿಟ್ಟವರು ಫ್ರಿತ್, ಅವರ ಸಹೋದ್ಯೋಗಿ ಆಲನ್ ಲೆಸ್ಲಿ ಮತ್ತು ಆಗ ಅವರ ವಿದ್ಯಾರ್ಥಿಯಾಗಿದ್ದ ಸೈಮನ್ ಬ್ಯಾರನ್-ಕೋಹೆನ್.

ಪ್ರಬಂಧ ಪ್ರಕಟವಾದದ್ದು 1985ರಲ್ಲಿ. ಸಾಮಾನ್ಯ ಬೆಳವಣಿಗೆಯ 27 ಮಕ್ಕಳಲ್ಲಿ 23, ಬುದ್ಧಿಯ ಬೆಳವಣಿಗೆಯನ್ನು ನಿಧಾನಗೊಳಿಸುವ ಡೌನ್ ಸಿಂಡ್ರೋಮ್ ಇರುವ 14 ಮಕ್ಕಳಲ್ಲಿ 12 ಸರಿಯುತ್ತರ ಕೊಟ್ಟರೆ, ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ಗೋಲಿ ನಿಜವಾಗಿ ಇರುವ ಜಾಗವನ್ನೇ ತೋರಿಸಿದರು. ಪ್ರಯೋಗದ ಜಾಣತನವಿರುವುದು ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಸೇರಿಸಿಕೊಂಡದ್ದರಲ್ಲಿ. ಭಾಷಾ ಸಾಮರ್ಥ್ಯದ ಅಳತೆಯಲ್ಲಿ ಅವರು ಆಟಿಸಂ ಗುಂಪಿಗಿಂತ ಹಿಂದಿದ್ದರು, ಆದರೂ ಗೆದ್ದರು. ಗೋಲಿ ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಎಲ್ಲ ಮಕ್ಕಳೂ ಸರಿಯಾಗಿಯೇ ಉತ್ತರಿಸಿದ್ದರು. ಆದ್ದರಿಂದ ‘ಬುದ್ಧಿ ಕಡಿಮೆ’, ‘ನೆನಪಿಲ್ಲ’ ಎಂಬ ಸಿದ್ಧ ವಿವರಣೆಗಳಿಗೆ ಅಲ್ಲಿ ಜಾಗವಿರಲಿಲ್ಲ. ತೊಡಕು ಇನ್ನೊಬ್ಬರ ನಂಬಿಕೆಯನ್ನು ಊಹಿಸುವ ಆ ಒಂದು ಕೆಲಸದಲ್ಲಿ ಇರುವಂತೆ ಕಂಡಿತು. ಇನ್ನೊಬ್ಬರ ತಲೆಯಲ್ಲಿ ಏನಿದೆ ಎಂದು ಎಣಿಸುವ ಈ ಶಕ್ತಿಗೆ ನಮ್ಮಲ್ಲಿ ನೆಲೆಗೊಂಡ ಪದವಿಲ್ಲ. ‘ಥಿಯರಿ ಆಫ್ ಮೈಂಡ್’ ಎಂದೇ ಬಳಸುವುದು ಸದ್ಯಕ್ಕೆ ಕ್ಷೇಮ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಉಳಿದ ನಾಲ್ಕು ಮಕ್ಕಳು. ಅವರು ಉತ್ತೀರ್ಣರಾದದ್ದು ಹೇಗೆ? ಫ್ರಿತ್ ಮತ್ತು ಅವರ ಶಿಷ್ಯರ ಮುಂದಿನ ಎರಡೂವರೆ ದಶಕಗಳ ಕೆಲಸದ ಒಂದು ದೊಡ್ಡ ಪಾಲು ಈ ನಾಲ್ವರ ಬೆನ್ನು ಹತ್ತಿದ್ದೇ ಆಗಿದೆ. 1994ರಲ್ಲಿ ಫ್ರಾನ್ಸೆಸ್ಕಾ ಹಾಪೆ, ವ್ಯಂಗ್ಯ, ಸುಳ್ಳು, ತಮಾಷೆಗಳಿರುವ ಕಥೆಗಳನ್ನು ಕೊಟ್ಟು, ಸುಲಭದ ಪರೀಕ್ಷೆಯಲ್ಲಿ ಗೆದ್ದವರೂ ಇಲ್ಲಿ ಎಡವುವುದನ್ನು ತೋರಿಸಿದರು. ಎರಡು ತ್ರಿಕೋನಗಳು ಪರಸ್ಪರ ಪುಸಲಾಯಿಸುವಂತೆ, ಅಣಕಿಸುವಂತೆ ಚಲಿಸುವ ಕಿರುಚಿತ್ರಗಳನ್ನು ತೋರಿಸಿ, ಆಗ ಮಿದುಳಿನ ಯಾವ ಭಾಗಗಳು ಚುರುಕಾಗುತ್ತವೆಂದು ಸ್ಕ್ಯಾನ್ ಮೂಲಕ ನೋಡಿದ್ದೂ ಇದೇ ದಾರಿಯಲ್ಲಿ. ಕೊನೆಗೆ 2009ರಲ್ಲಿ, ಅತ್ಸುಶಿ ಸೆಂಜು ಮತ್ತಿತರರೊಡನೆ ಫ್ರಿತ್ ಪ್ರಶ್ನೆಯನ್ನೇ ಕೇಳದೆ ಕಣ್ಣಿನ ಚಲನೆಯನ್ನು ಮಾತ್ರ ದಾಖಲಿಸಿದರು. ಬಾಯಿಮಾತಿನ ಪರೀಕ್ಷೆಯಲ್ಲಿ ತೊಡಕಿಲ್ಲದ ಆಸ್ಪರ್ಗರ್ ಸಿಂಡ್ರೋಮ್ (ಮಾತು, ಬುದ್ಧಿ ಹಿಂದುಳಿಯದ ಆಟಿಸಂನ ರೂಪಕ್ಕೆ ಆಗ ಇದ್ದ ಹೆಸರು) ಇರುವ ವಯಸ್ಕರ ಕಣ್ಣು, ಪಾತ್ರವು ಎಲ್ಲಿ ಹುಡುಕಬಹುದೆಂಬ ಕಡೆಗೆ ಮುಂಚಿತವಾಗಿ ತಾನಾಗಿ ಹೊರಳಲಿಲ್ಲ. ಅಂದರೆ ಆಲೋಚಿಸಿ, ಲೆಕ್ಕ ಹಾಕಿ ಉತ್ತರ ತಲುಪುವುದು ಬೇರೆ, ಅದು ತಾನೇ ತಾನಾಗಿ ಹೊಳೆಯುವುದು ಬೇರೆ. ಪರೀಕ್ಷೆಗೆ ಓದುತ್ತಿರುವ ನೀವು 1985ರ ಜೊತೆಗೆ 2009ನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ‘ಇಂಥ ಮಕ್ಕಳಿಗೆ ಬೇರೆಯವರ ನೋವು ತಿಳಿಯುವುದಿಲ್ಲ, ಅದು ಸಂಶೋಧನೆಯಲ್ಲೇ ಸಾಬೀತಾಗಿದೆ’ ಎಂದು ಬಂಧುವೊಬ್ಬರು ಹೇಳಿದರು. ಆದರೆ ನಾನು ತಲೆನೋವೆಂದು ಮಲಗಿದರೆ ಅವನು ಹೊದಿಕೆ ತಂದು ಹೊದಿಸುತ್ತಾನೆ. ಯಾವುದನ್ನು ನಂಬಲಿ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ಹೊದಿಕೆಯನ್ನು ನಂಬಿ. ನಿಮ್ಮ ಬಂಧುಗಳು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದಿದ್ದಾರೆ. ಗೊಂಬೆಗಳ ಪ್ರಯೋಗ ಅಳೆದದ್ದು ಇನ್ನೊಬ್ಬರು ಏನೆಂದು ನಂಬಿದ್ದಾರೆ ಎಂಬ ಊಹೆಯನ್ನು. ಇನ್ನೊಬ್ಬರ ನೋವಿಗೆ ಮನಸ್ಸು ಮಿಡಿಯುತ್ತದೆಯೇ ಎಂಬುದನ್ನು ಅದು ಕೇಳಿರಲೇ ಇಲ್ಲ. ಅದನ್ನು ಬೇರೆಯಾಗಿಯೇ ಕೇಳಿದ ಅಧ್ಯಯನವೊಂದು 2010ರಲ್ಲಿ ಬಂತು. ಜೆಫ್ ಬರ್ಡ್, ಫ್ರಿತ್ ಮತ್ತಿತರರು, ಆಪ್ತರೊಬ್ಬರಿಗೆ ನೋವಾಗುವಾಗ ನೋಡುವವರ ಮಿದುಳು ಹೇಗೆ ಸ್ಪಂದಿಸುತ್ತದೆಂದು ಪರಿಶೀಲಿಸಿದರು. ಸ್ಪಂದನೆ ತಗ್ಗಿದ್ದಕ್ಕೂ ಆಟಿಸಂಗೂ ನೇರ ನಂಟು ಕಾಣಲಿಲ್ಲ. ನಂಟು ಕಂಡದ್ದು ತನ್ನ ಭಾವನೆಗಳನ್ನೇ ಗುರುತಿಸಿ ಹೆಸರಿಸಲಾಗದ ‘ಅಲೆಕ್ಸಿತೈಮಿಯಾ’ ಎಂಬ ಇನ್ನೊಂದು ಸ್ಥಿತಿಯೊಂದಿಗೆ. ಅದು ಆಟಿಸಂ ಇಲ್ಲದವರಲ್ಲೂ ಇರಬಹುದು.

ಇನ್ನೊಂದು ಮಾತನ್ನೂ ಆ ಬಂಧುಗಳಿಗೆ ತಿಳಿಸಬಹುದು. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ, ಅರ್ಥವಾಗದಿರುವಿಕೆ ಒಂದೇ ಕಡೆಯದಲ್ಲ, ಆಟಿಸಂ ಇಲ್ಲದವರಿಗೂ ಇವರ ಮನಸ್ಸು ಅಷ್ಟೇ ಅರ್ಥವಾಗುವುದಿಲ್ಲ ಎಂದು ವಾದಿಸಿದರು. ಫ್ರಿತ್ ಅವರ ಪರಂಪರೆಯ ಪ್ರಯೋಗಗಳು ಈ ಎರಡನೆಯ ಬದಿಯನ್ನು ಬಹುಕಾಲ ಅಳೆಯಲಿಲ್ಲವೆಂಬ ಆಕ್ಷೇಪ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಮೊಮ್ಮಗಳು ಚಿತ್ರದ ತುಣುಕುಗಳನ್ನು ಬೋರಲು ಹಾಕಿ, ಚಿತ್ರವೇ ಕಾಣದಿದ್ದರೂ ಜೋಡಿಸಿಬಿಡುತ್ತಾಳೆ. ಇದು ಪ್ರತಿಭೆಯೋ ಅಥವಾ ಅವಳ ಆಟಿಸಂನ ಲಕ್ಷಣವೋ?
– ನಿವೃತ್ತ ಶಿಕ್ಷಕರು, ಮಂಗಳೂರು

ಉತ್ತರ: ಮೇಷ್ಟ್ರೇ, ‘ಅಥವಾ’ ಎಂಬ ಪದವನ್ನು ಬಿಟ್ಟುಬಿಡಿ. ಅಮಿತಾ ಶಾ ಮತ್ತು ಫ್ರಿತ್ 1983ರಲ್ಲಿ, ದೊಡ್ಡ ಚಿತ್ರದೊಳಗೆ ಅಡಗಿರುವ ಸಣ್ಣ ಆಕಾರವನ್ನು ಹುಡುಕುವ ಕೆಲಸದಲ್ಲಿ ಆಟಿಸಂ ಇರುವ ಮಕ್ಕಳು ಉಳಿದವರಿಗಿಂತ ಮುಂದಿರುವುದನ್ನು ವರದಿ ಮಾಡಿದರು. ಬಿಡಿ ವಿವರಗಳನ್ನು ಒಟ್ಟಿನ ಅರ್ಥಕ್ಕೆ ಒಗ್ಗೂಡಿಸುವ ಸೆಳೆತ ಇವರಲ್ಲಿ ಸಡಿಲವಾಗಿರುತ್ತದೆಂದು ಫ್ರಿತ್ 1989ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ತೋಪಿಗಿಂತ ಮೊದಲು ಮರಗಳು, ಮರಕ್ಕಿಂತ ಮೊದಲು ಎಲೆಯ ನರಗಳು ಕಣ್ಣಿಗೆ ಬೀಳುವಂತೆ ಎನ್ನೋಣ. ಆಗ ಅವರು ಅದನ್ನು ಕೊರತೆಯ ಭಾಷೆಯಲ್ಲಿ ಹೇಳಿದ್ದರು. 2006ರಲ್ಲಿ ಹಾಪೆ ಅವರೊಡನೆ ಬರೆಯುವಾಗ ಅದು ‘ವಿವರಗಳ ಕಡೆಗೆ ವಾಲುವ ಒಂದು ಶೈಲಿ’ ಎಂದಾಯಿತು. ತನ್ನದೇ ಸಿದ್ಧಾಂತವನ್ನು ಬಹಿರಂಗವಾಗಿ ಸಡಿಲಿಸುವುದು ವಿದ್ವಾಂಸರಲ್ಲಿ ಅಷ್ಟು ಸಾಮಾನ್ಯವಲ್ಲ.

ಪ್ರಶ್ನೆ: ಆಸ್ಪರ್ಗರ್ ಎಂಬ ಹೆಸರನ್ನು ಈಗ ಬಳಸಬಾರದೆನ್ನುತ್ತಾರಲ್ಲ, ಏಕೆ?
– ಒಬ್ಬ ಓದುಗರು, ತುಮಕೂರು

ಉತ್ತರ: ವಿಯೆನ್ನಾದ ವೈದ್ಯ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧವನ್ನು 1991ರಲ್ಲಿ ಇಂಗ್ಲಿಷಿಗೆ ಅನುವಾದಿಸಿದವರು ಫ್ರಿತ್ ಅವರೇ, ಮಾತೃಭಾಷೆ ಅವರ ನೆರವಿಗೆ ಬಂತು. ಆದರೆ 2018ರಲ್ಲಿ ಇತಿಹಾಸಕಾರ ಹರ್ವಿಗ್ ಚೆಕ್, ನಾಜಿ ಆಡಳಿತದ ಕಾಲದಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಷ್ಪೀಗೆಲ್‌ಗ್ರುಂಡ್ ಚಿಕಿತ್ಸಾಲಯಕ್ಕೆ ಆಸ್ಪರ್ಗರ್ ಮಕ್ಕಳನ್ನು ಕಳಿಸಿದ್ದರೆಂಬುದಕ್ಕೆ ದಾಖಲೆಗಳನ್ನು ಪ್ರಕಟಿಸಿದರು. ಅಮೆರಿಕದ ರೋಗನಿರ್ಣಯ ಕೈಪಿಡಿ ಬೇರೆಯದೇ ಕಾರಣಕ್ಕೆ 2013ರಲ್ಲೇ ಆ ಹೆಸರನ್ನು ಕೈಬಿಟ್ಟು, ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ವರ್ಗವನ್ನು ಉಳಿಸಿಕೊಂಡಿತ್ತು.

ಪ್ರಶ್ನೆ: ಗೊಂಬೆಗಳ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ, ಮಗುವಿಗೆ ಆಟಿಸಂ ಇದೆಯೇ ಎಂದು ತಿಳಿಯಬಹುದೇ?
– ಒಬ್ಬ ತಂದೆ, ಹಾಸನ

ಉತ್ತರ: ಖಂಡಿತ ಬೇಡ. ಮೂರು ವರ್ಷದ ಬಹುತೇಕ ಮಕ್ಕಳು ಇದರಲ್ಲಿ ತಪ್ಪುತ್ತಾರೆ. ಸನ್ನೆಭಾಷೆ ಬಾರದ ಮನೆಯಲ್ಲಿ ಬೆಳೆದ ಕಿವುಡ ಮಕ್ಕಳೂ ತಡವಾಗಿಯೇ ಇದನ್ನು ದಾಟುತ್ತಾರೆ. ಇತ್ತ ಆ ನಾಲ್ಕು ಮಕ್ಕಳಂತೆ, ಆಟಿಸಂ ಇದ್ದೂ ಸರಿಯುತ್ತರ ಕೊಡುವವರಿದ್ದಾರೆ. ಇದು ಗುಂಪುಗಳನ್ನು ಹೋಲಿಸಲು ಮಾಡಿದ ಸಾಧನ. ನಿಮಗೆ ಸಂದೇಹವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ ಮಗುವನ್ನು ಕರೆದುಕೊಂಡು ಹೋಗಿ. ಹೆಸರು ಕರೆದರೆ ತಿರುಗುತ್ತದೆಯೇ, ಬೇಕಾದುದನ್ನು ಬೆರಳಿಂದ ತೋರಿಸುತ್ತದೆಯೇ, ಮಾತು ಯಾವಾಗ ಬಂತು ಎಂಬ ಮೂರು ಸಂಗತಿಗಳನ್ನು ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಿ. ಅಲ್ಲಿ ಅವುಗಳನ್ನು ಕೇಳುತ್ತಾರೆ.