ಕಳಿಸಿದ ಫೈಲು ಹಾಗೇ ತಲುಪಿತೇ?

ಪ್ರಶ್ನೆ: ಕಾಪುವಿನ ಮನೆಯಿಂದಲೇ ಎಸ್‌ಎಸ್‌ಎಚ್‌ನಲ್ಲಿ (ದೂರದ ಸರ್ವರಿಗೆ ಸುರಕ್ಷಿತವಾಗಿ ಸೇರಿ ಕಮಾಂಡ್ ಕೊಡುವ ದಾರಿ), ಮಂಗಳೂರಿನ ಸರ್ವರಿನಿಂದ ಮಣಿಪಾಲದ ಸರ್ವರಿಗೆ ಹಳೆ ಯಕ್ಷಗಾನದ ರೆಕಾರ್ಡಿಂಗ್ ಕಳಿಸುತ್ತಿದ್ದೇನೆ. ಮಳೆಗೆ ನೆಟ್ ಹೋಗುತ್ತದೆ. ಫೈಲ್ ಸೈಜ್ ಸರಿಯಿದ್ದರೆ ಸಾಕಾ?

ಉತ್ತರ: ಸಾಲದು. ಸೈಜ್ ಒಂದೇ ಇದ್ದರೂ ಒಳಗೆ ಬೈಟ್ ಬದಲಾಗಿರಬಹುದು. ಕಳಿಸುವ ಮೊದಲೇ ಮಂಗಳೂರಿನಲ್ಲಿ 'ಶಾ256ಸಮ್' (sha256sum, ಫೈಲಿನ ಒಳಗಿನದನ್ನು ಓದಿ ಅದಕ್ಕೊಂದು ಗುರುತು ಲೆಕ್ಕ ಹಾಕುವ ಕಮಾಂಡ್) ಓಡಿಸಿ, ಪಟ್ಟಿಯನ್ನು ಒಂದು ಫೈಲಿಗೆ ಹಾಕಿಕೊಳ್ಳಿ. ಪ್ರತಿ ರೆಕಾರ್ಡಿಂಗಿಗೂ 64 ಅಕ್ಷರಗಳ ಗುರುತು ಸಿಗುತ್ತದೆ. ಆ ಪಟ್ಟಿಯನ್ನೂ ಕಳಿಸಿ, ಮಣಿಪಾಲದಲ್ಲಿ ಅದೇ ಕಮಾಂಡಿಗೆ 'ಮೈನಸ್ ಸಿ' (-c) ಸೇರಿಸಿ, ಆ ಪಟ್ಟಿಯ ಹೆಸರು ಕೊಟ್ಟು ಓಡಿಸಿ; ಗುರುತುಗಳು ತಾಳೆಯಾಗುತ್ತವೆಯೇ ಎಂದು ಅದು ನೋಡುತ್ತದೆ. ಕೆಟ್ಟ ಫೈಲಿನ ಹೆಸರಿನ ಮುಂದೆ 'ಫೇಲ್ಡ್' ಎಂದು ಬರುತ್ತದೆ. ಅದನ್ನು ಆರ್‌ಸಿಂಕ್‌ನಲ್ಲಿ (rsync, ಬದಲಾದ ಫೈಲನ್ನಷ್ಟೇ ಕಳಿಸುವ ಕಮಾಂಡ್) ಮತ್ತೆ ಕಳಿಸುವಾಗ 'ಚೆಕ್‌ಸಮ್' (--checksum, ಒಳಗಿನದನ್ನೂ ಹೋಲಿಸು ಎಂಬ) ಆಯ್ಕೆ ಹಾಕಲೇಬೇಕು. ಸುಮ್ನೆ ಓಡಿಸಿದರೆ ಅದು ಸೈಜ್, ತಿದ್ದಿದ ಸಮಯ ಇವೆರಡನ್ನೇ ನೋಡಿ ಮುಂದೆ ಹೋಗಿಬಿಡುತ್ತದೆ. ಇದೆಲ್ಲ ಮುಗಿಯುವವರೆಗೆ ಮೂಲ ಫೈಲ್ ಅಳಿಸಬೇಡಿ. ಭಾಗವತರ ಆ ದನಿ ಮತ್ತೆ ಸಿಗುವುದಿಲ್ಲ, ಅಲ್ವಾ? ಕಮಾಂಡನ್ನು ಸರ್ವರಿನಲ್ಲಿ 'ಟಿಮಕ್ಸ್' (tmux, ನೀವು ಸಂಪರ್ಕ ಕಳೆದುಕೊಂಡರೂ ಸರ್ವರಿನಲ್ಲಿ ಕೆಲಸ ಮುಂದುವರಿಸುವ ಪ್ರೋಗ್ರಾಮ್) ಒಳಗೆ ಓಡಿಸಿ. ನಿಮ್ಮ ಮನೆಯ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ.